‘ಅಳಿಸಲಾಗಿದೆ’ ಅಂದರೆ ಅಳಿಸಿದ್ದು ಯಾರು?

ಹೋದ ವರ್ಷ ದಸರೆ ಕಳೆದ ಮೇಲೆ ಧಾರವಾಡದಿಂದ ಮೌಶಿಯ ಫೋನ್ ಬಂತು. ಮಗಳ ಕುಬಸದ ಫೋಟೋಗಳದ್ದೊಂದು ಆಲ್ಬಮ್ ಮಾಡಿಸಬೇಕಿತ್ತು. ಪುಣೆಯಲ್ಲಿ ಚೆನ್ನಾಗಿ ಮಾಡಿಕೊಡುವವರಿದ್ದಾರೆ, ಫೋಟೋ ಕಳಿಸು ಅಂದೆ.

“ನನ್ನ ಫೋನಿನ್ಯಾಗ ಇಲ್ಲವಾ. ಫೋನ್ ತುಂಬೇದ ಅಂತ ದಿನಾ ತೋರಸ್ತಿತ್ತು, ಅದಕ್ಕ ಬ್ಯಾಸಗ್ಯಾಗ ಎಲ್ಲಾ ತಗದಬಿಟ್ಟೆ. ಮ್ಯಾಲ ಕ್ಲೌಡಿನ್ಯಾಗ ಇದ್ದಾವಲ್ಲ, ಅಲ್ಲಿಂದ ನೀನ ತಗೊ.”

ಮೇಲೆ ಏನೂ ಇರಲಿಲ್ಲ. ಅವಳ ಆ್ಯಪ್ ಫೋನನ್ನೂ ಕ್ಲೌಡನ್ನೂ ಸಿಂಕ್‌ನಲ್ಲಿ ಇಟ್ಟಿತ್ತು. ಇಲ್ಲಿ ತೆಗೆದರೆ ಅಲ್ಲೂ ಹೋಗುತ್ತದೆ. ತೆಗೆದದ್ದು ಒಂದಷ್ಟು ದಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದೆ, ಆಮೇಲೆ ಬುಟ್ಟಿಯೂ ಖಾಲಿಯಾಗುತ್ತದೆ. ಆ ದಿನಗಳು ಮಳೆಗಾಲದಲ್ಲೇ ಮುಗಿದಿದ್ದವು. ಕೊನೆಗೆ ನೆಂಟರ ವಾಟ್ಸ್ಯಾಪ್‌ನಲ್ಲಿ ಉಳಿದಿದ್ದ ಹತ್ತಿಪ್ಪತ್ತು ಮಸುಕು ಫೋಟೋಗಳು ಸಿಕ್ಕವು. ಆಲ್ಬಮ್ ಆಗಲಿಲ್ಲ.

ಮೌಶಿ ಅನಕ್ಷರಸ್ಥೆಯಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಫೋನಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವಳು. ‘ಸಿಂಕ್ ಮಾಡಲಾಗಿದೆ’ ಎಂಬುದನ್ನೂ ಓದಿದ್ದಳು, ‘ಐಟಂಗಳನ್ನು ಅಳಿಸಲಾಗಿದೆ’ ಎಂಬುದನ್ನೂ ಓದಿದ್ದಳು. ಎಲ್ಲವೂ ಕನ್ನಡದಲ್ಲೇ ಇತ್ತು. ಇಂಥ ಸಾಲುಗಳನ್ನು ಕನ್ನಡಕ್ಕೆ ತಂದು ಹೊಟ್ಟೆ ಹೊರೆಯುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಪತ್ರದಲ್ಲಿ ಬೇರೆಯವರ ಮೇಲೆ ಹರಿಹಾಯುವ ಮೊದಲು ನನ್ನ ಕಸುಬಿನ ಮೇಲೆ ಒಂದು ತಕರಾರು ಇದೆ.

ಕಂಪ್ಯೂಟರಿನ ಮಾತು ಕನ್ನಡದಲ್ಲಿ ಹೇಗಿರಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಗುಂಪುಗಳಾಗುತ್ತವೆ. ಹಾರ್ಡ್‌ವೇರ್ ಅನ್ನಬೇಡಿ, ಯಂತ್ರಾಂಶ ಅನ್ನಿ. ಸಾಫ್ಟ್‌ವೇರ್ ತಂತ್ರಾಂಶವಾಗಲಿ, ಫೈಲ್ ಕಡತವಾಗಲಿ ಎನ್ನುವವರು ಒಂದು ಕಡೆ. ಜನರ ಬಾಯಲ್ಲಿ ಇಲ್ಲದ್ದು ಯಾಕೆ, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕು ಎನ್ನುವವರು ಇನ್ನೊಂದು ಕಡೆ. ಎರಡೂ ಗುಂಪುಗಳು ಜಗಳವಾಡುತ್ತಿರುವುದು ನಾಮಪದಗಳ ಬಗ್ಗೆ. ಸಿಂಕ್‌ಗೆ ಬದಲಾಗಿ ಒಳ್ಳೆಯ ಸಂಸ್ಕೃತ ಪದವೋ ಅಚ್ಚಗನ್ನಡ ಪದವೋ ಇದ್ದಿದ್ದರೂ ಮೌಶಿಯ ಫೋಟೋ ಉಳಿಯುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು: ‘ಇಲ್ಲಿ ತೆಗೆದರೆ ಅಲ್ಲೂ ಹೋಗುತ್ತದೆ.’ ಆ ಸಾಲಿನಲ್ಲಿ ಒಂದೂ ಪಾರಿಭಾಷಿಕ ಪದವಿಲ್ಲ.

ನನ್ನ ವಾದ ಇಷ್ಟೇ. ಕಂಪ್ಯೂಟರಿನ ಪದಗಳನ್ನು ಅನುವಾದಿಸುವುದಕ್ಕಿಂತ ಮೊದಲು ಆ ಪದಗಳ ನಡುವಿನ ವ್ಯತ್ಯಾಸಗಳನ್ನು ಅನುವಾದಿಸಬೇಕು. ಜನ ಹಣ, ಫೋಟೋ, ಸಮಯ ಕಳೆದುಕೊಳ್ಳುವುದು ಪದ ಗೊತ್ತಿಲ್ಲದೆ ಅಲ್ಲ. ಎರಡು ಪದಗಳನ್ನು ಒಂದೇ ಎಂದು ತಿಳಿದು.

ಸಿಂಕ್ ಮತ್ತು ಬ್ಯಾಕಪ್ ಇದಕ್ಕೆ ಮೊದಲ ಉದಾಹರಣೆ. ಸಿಂಕ್ ಕನ್ನಡಿಯ ಹಾಗೆ: ಈಚೆ ಏನು ಮಾಡಿದರೂ ಆಚೆ ಅದೇ ಕಾಣುತ್ತದೆ. ಬ್ಯಾಕಪ್ ಝೆರಾಕ್ಸ್ ಪ್ರತಿಯ ಹಾಗೆ: ಮೂಲ ಹರಿದರೂ ಪ್ರತಿ ಪೆಟ್ಟಿಗೆಯಲ್ಲಿರುತ್ತದೆ. ಕಷ್ಟವೇನೆಂದರೆ ಕೆಲವು ಆ್ಯಪ್‌ಗಳು ಕನ್ನಡಿಯ ಕೆಲಸ ಮಾಡುತ್ತ ಬ್ಯಾಕಪ್ ಎಂಬ ಹೆಸರನ್ನೇ ಬಳಸುತ್ತವೆ. ಆದ್ದರಿಂದ ಹೆಸರನ್ನು ನಂಬಬೇಡಿ. ಬೇಡದ ಒಂದು ಫೋಟೋ ಫೋನಿನಿಂದ ಅಳಿಸಿ, ಕಂಪ್ಯೂಟರಿನಲ್ಲಿ ಅದೇ ಖಾತೆ ತೆರೆದು ನೋಡಿ. ಅಲ್ಲೂ ಮಾಯವಾಗಿದ್ದರೆ ಅದು ಕನ್ನಡಿ.

ಎರಡನೆಯದು ಮೆಮೊರಿ. ‘ಮೆಮೊರಿ ಫುಲ್ ಆಗಿದೆ’ ಅನ್ನುತ್ತೇವೆ, ತುಂಬಿರುವುದು ಸ್ಟೋರೇಜ್. ರ್ಯಾಮ್ ಅಂದರೆ ಅಡುಗೆಕಟ್ಟೆ, ಸ್ಟೋರೇಜ್ ಅಂದರೆ ಉಗ್ರಾಣ. ಕಟ್ಟೆ ದೊಡ್ಡದಿದ್ದರೆ ಒಂದೇ ಸಲಕ್ಕೆ ನಾಲ್ಕು ಪದಾರ್ಥ ಹರವಿಕೊಂಡು ಕೆಲಸ ಮಾಡಬಹುದು. ಕರೆಂಟ್ ಹೋದರೆ ಕಟ್ಟೆಯ ಮೇಲಿದ್ದದ್ದೆಲ್ಲ ಹೋಗುತ್ತದೆ. ಉಗ್ರಾಣದಲ್ಲಿಟ್ಟದ್ದು ಫೋನ್ ಆರಿಸಿದರೂ ಇರುತ್ತದೆ. ಇದು ಗೊತ್ತಿದ್ದವರು ತೆರೆದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ‘ಇನ್ನೂ ಫೋಟೋಗೆ ಜಾಗ ಆಗಲಿಲ್ಲವಲ್ಲ’ ಎಂದು ಕೊರಗುವುದಿಲ್ಲ. ಕಟ್ಟೆ ಒರೆಸಿದರೆ ಉಗ್ರಾಣ ಖಾಲಿಯಾಗುತ್ತದೆಯೇ? ಅಂಗಡಿಯವನು ‘8 ಜೊತೆಗೆ 8, ಒಟ್ಟು 16 ಜಿಬಿ ರ್ಯಾಮ್’ ಎಂದಾಗ ಕೇಳಬೇಕಾದ ಪ್ರಶ್ನೆಯೂ ಹೊಳೆಯುತ್ತದೆ. ಆ ಎರಡನೆಯ 8 ಬಹಳ ಸಲ ಉಗ್ರಾಣದ ಒಂದು ಮೂಲೆಯನ್ನೇ ಕಟ್ಟೆ ಎಂದು ಕರೆದದ್ದು. ಅಲ್ಲಿಗೆ ಹೋಗಿ ಬಂದು ಕೆಲಸ ಮಾಡುವುದು ನಿಜವಾದ ಕಟ್ಟೆಗಿಂತ ಬಹಳ ನಿಧಾನ.

ಮೂರನೆಯದು ವೈಫೈ ಮತ್ತು ಇಂಟರ್ನೆಟ್. ‘ವೈಫೈ ಫುಲ್ ಇದೆ, ನೆಟ್ ಬರ್ತಿಲ್ಲ’ ಎಂಬ ದೂರು ಯಾವ ಊರಿನ ಫ್ಲ್ಯಾಟಿನಲ್ಲೂ ಕೇಳುತ್ತದೆ. ವೈಫೈ ಅಂದರೆ ನಿಮ್ಮ ಫೋನಿಗೂ ನಿಮ್ಮ ಮನೆಯ ರೌಟರಿಗೂ ನಡುವಿನ ಸಂಬಂಧ ಮಾತ್ರ. ಮನೆಯೊಳಗಿನ ಪೈಪು ಸರಿಯಿದೆ, ನಲ್ಲಿ ತಿರುಗುತ್ತದೆ, ಕಾರ್ಪೊರೇಷನ್ ನೀರೇ ಬಿಟ್ಟಿಲ್ಲ. ಫೋನಿನ ಮೂಲೆಯ ಗೆರೆಗಳು ತೋರಿಸುವುದು ಒಳಗಿನ ಪೈಪನ್ನು. ಇಷ್ಟು ತಿಳಿದರೆ ದೂರು ಕೊಡುವಾಗ ‘ರೌಟರಿನ ತನಕ ಸರಿ ಇದೆ, ಹೊರಗಿನ ಲೈನ್ ನೋಡಿ’ ಎನ್ನಬಹುದು.

ವೇಗದ ಲೆಕ್ಕದಲ್ಲೂ ಒಂದು ಸಣ್ಣ ತೊಡಕಿದೆ. ಕಂಪನಿಗಳು ವೇಗವನ್ನು ಬಿಟ್‌ನಲ್ಲಿ ಹೇಳುತ್ತವೆ, ನಮ್ಮ ಫೈಲುಗಳು ಬೈಟ್‌ನಲ್ಲಿರುತ್ತವೆ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಬರುವುದು ಹೆಚ್ಚೆಂದರೆ ಹನ್ನೆರಡೂವರೆ ಎಂಬಿ. 1 ಜಿಬಿ ಸಿನಿಮಾ ಇಳಿಯಲು ಹತ್ತು ಸೆಕೆಂಡಲ್ಲ, ಕಡಿಮೆಯೆಂದರೂ ಎಂಬತ್ತು ಸೆಕೆಂಡು ಬೇಕು. ಇದರಲ್ಲಿ ಮೋಸವಿಲ್ಲ, ಆದರೆ ಅಕ್ಕಿಯನ್ನು ಸೇರಿನಲ್ಲಿ ಹೇಳಿ ಕಿಲೋದಲ್ಲಿ ತೂಗಿದ ಹಾಗೆ ಗಿರಾಕಿ ಗೊಂದಲಕ್ಕೆ ಬೀಳುತ್ತಾನೆ.

ನಾಲ್ಕನೆಯದು ಆ್ಯಪ್ ಮತ್ತು ಖಾತೆ. ಆ್ಯಪ್ ತೆಗೆದುಹಾಕಿದರೆ ಖಾತೆ ಮುಚ್ಚಿತು ಎಂದುಕೊಂಡವರು ತುಂಬ ಜನ. ಪಾಸ್‌ಬುಕ್ ಹರಿದು ಹಾಕಿದರೆ ಬ್ಯಾಂಕಿನ ಖಾತೆ ಮುಚ್ಚುತ್ತದೆಯೇ? ಆ್ಯಪ್ ಇರುವುದು ನಿಮ್ಮ ಫೋನಿನಲ್ಲಿ, ಖಾತೆ ಇರುವುದು ಅವರ ಸರ್ವರಿನಲ್ಲಿ. ಚಂದಾ ಕಟ್ ಆಗುವುದು ಖಾತೆಯಿಂದ. ಆ್ಯಪ್ ತೆಗೆದ ಮೇಲೂ ತಿಂಗಳು ತಿಂಗಳು ದುಡ್ಡು ಹೋಗುತ್ತಿದ್ದರೆ ಆಶ್ಚರ್ಯವಿಲ್ಲ.

ಕೊನೆಯದು ಎಲ್ಲಕ್ಕಿಂತ ದುಬಾರಿಯಾಗಬಲ್ಲ ಗೊಂದಲ. 2016ರಲ್ಲಿ ಶುರುವಾದ ಯುಪಿಐನಲ್ಲಿ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೋಗುವಾಗ, ಅಥವಾ ಬ್ಯಾಲೆನ್ಸ್ ನೋಡುವಾಗ. ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ. ‘ನಿಮಗೆ ಹಣ ಕಳಿಸಿದ್ದೇನೆ, ಪಡೆಯಲು ಪಿನ್ ಒತ್ತಿ’ ಎನ್ನುವವನು ಕಳ್ಳ. ಮಹಾರಾಷ್ಟ್ರದಲ್ಲಿರುವ ನಮಗೆ ಇಲ್ಲಿ ಇನ್ನೊಂದು ಗಂಟಿದೆ. ಕನ್ನಡದಲ್ಲಿ ಪಾವತಿ ಎಂದರೆ ಹಣ ಕೊಡುವುದು, ಮರಾಠಿಯಲ್ಲಿ ಪಾವತಿ ಎಂದರೆ ಹಣ ಸಂದ ರಸೀದಿ. ಎರಡೂ ಭಾಷೆಯಲ್ಲಿ ಬದುಕುವ ಹಿರಿಯರ ಎದುರು ‘ಪಾವತಿಯನ್ನು ದೃಢೀಕರಿಸಿ’ ಎಂಬ ಗುಂಡಿ ಬಂದರೆ ಅವರು ಏನೆಂದುಕೊಳ್ಳಬೇಕು? ‘ನಿಮ್ಮ ಖಾತೆಯಿಂದ 5,000 ರೂಪಾಯಿ ಹೋಗುತ್ತದೆ. ಕೊಡುತ್ತೀರಾ?’ ಎಂದಿದ್ದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಹಾಗೊಂದು ವೇಳೆ ಮೋಸವಾಗಿಯೇ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನೂ ಮನೆಯವರಿಗೆ ಹೇಳಿಡಿ.

ಇಷ್ಟು ಸರಳವಾಗಿದ್ದರೆ ಅನುವಾದಕರು ಹಾಗೇ ಬರೆಯಬಾರದೇ ಎಂದು ನೀವು ಕೇಳಬಹುದು. ನಮ್ಮ ಕೈಗೆ ಬರುವುದು ಹಾಳೆಯ ಮೇಲೆ ಸಾಲುಸಾಲಾಗಿ ಜೋಡಿಸಿದ ತುಣುಕುಗಳು. ಪರದೆ ಕಾಣಿಸುವುದಿಲ್ಲ. ‘ಓಪನ್’ ಎಂಬ ತುಣುಕು ತೆರೆಯಿರಿ ಎಂಬ ಆಜ್ಞೆಯೋ, ತೆರೆದಿದೆ ಎಂಬ ಸುದ್ದಿಯೋ ಗೊತ್ತಾಗುವುದಿಲ್ಲ. ಖಾಲಿ ಜಾಗ ಎನ್ನಬೇಕಾದ ಕಡೆ ‘ಉಚಿತ ಸ್ಥಳ’ ಎಂದು ಅಚ್ಚಾಗುವುದು ಹೀಗೆ. ಗುಂಡಿಯ ಮೇಲೆ ಇಷ್ಟೇ ಅಕ್ಷರ ಎಂಬ ಮಿತಿ ಇರುತ್ತದೆ. ಸಂಭಾವನೆ ಪದದ ಲೆಕ್ಕದಲ್ಲಿ ಬರುತ್ತದೆ, ಅದೂ ಮೂಲದ ಪದಗಳ ಲೆಕ್ಕ. ಒಂದು ಪದವನ್ನು ಏಳು ಪದಗಳಲ್ಲಿ ಬಿಡಿಸಿ ಹೇಳಿದರೆ ದುಡ್ಡು ಒಂದರದ್ದೇ.

ಈ ಅವಸರದಲ್ಲಿ ನಮ್ಮ ಕೈಗೆ ಸಿಗುವ ಸುಲಭದ ಉಪಾಯ ‘ಲಾಗಿದೆ’. ಅಳಿಸಲಾಗಿದೆ, ಸೇರಿಸಲಾಗಿದೆ, ನಿರ್ಬಂಧಿಸಲಾಗಿದೆ. ಯಾರು ಮಾಡಿದರು ಎಂಬುದನ್ನು ಹೇಳದೆ ಪಾರಾಗುವ ಕರ್ಮಣಿ ಪ್ರಯೋಗ. ಮನೆಯಲ್ಲಿ ಯಾರೂ ‘ಹಾಲನ್ನು ಚೆಲ್ಲಲಾಗಿದೆ’ ಅನ್ನುವುದಿಲ್ಲ. ಚೆಲ್ಲಿದೆ, ಚೆಲ್ಲಿತು, ನೀನು ಚೆಲ್ಲಿದೆ ಅನ್ನುತ್ತೇವೆ. ಕನ್ನಡದ ಬಳಿ ಇದಕ್ಕೊಂದು ಚೊಕ್ಕ ಜೋಡಿ ಇದೆ: ಮಾಡು ಮತ್ತು ಆಗು. ‘ನೀವು ಡಿಲೀಟ್ ಮಾಡಿದಿರಿ, ಕ್ಲೌಡಿನಲ್ಲೂ ಡಿಲೀಟ್ ಆಯಿತು.’ ಮೊದಲನೆಯದು ನಿಮ್ಮ ಕೆಲಸ, ಎರಡನೆಯದು ತಾನೇ ನಡೆದದ್ದು. ಮೌಶಿಗೆ ತಿಳಿಯಬೇಕಾಗಿದ್ದ ವಿಷಯವೆಲ್ಲ ಈ ಎರಡು ಕ್ರಿಯಾಪದಗಳಲ್ಲಿದೆ. ‘ಅಳಿಸಲಾಗಿದೆ’ ಅದನ್ನು ನುಂಗಿಹಾಕಿತು. ಕನ್ನಡದಲ್ಲಿ ಅಳಿಸು ಎಂದರೆ ಅಳುವಂತೆ ಮಾಡು ಎಂದೂ ಆಗುತ್ತದೆ ಎಂದು ಆಮೇಲೆ ಮೌಶಿಯೇ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ನಾಮಪದಗಳನ್ನೆಲ್ಲ ಇಂಗ್ಲಿಷಿಗೆ ಬಿಟ್ಟುಕೊಟ್ಟರೆ ಕನ್ನಡಕ್ಕೆ ಉಳಿಯುವುದು ಮಾಡು, ಆಗು ಮತ್ತು ವಿಭಕ್ತಿ ಪ್ರತ್ಯಯ ಮಾತ್ರವಲ್ಲವೇ? ನಾಳೆ ವಿಜ್ಞಾನವನ್ನೋ ಕಾನೂನನ್ನೋ ಕನ್ನಡದಲ್ಲಿ ಬರೆಯಬೇಕಾದರೆ ಪದ ಎಲ್ಲಿಂದ ತರುವುದು? ಹೊರನಾಡಿನಲ್ಲಿ ಮಕ್ಕಳ ಕನ್ನಡ ದಿನದಿನಕ್ಕೆ ತೆಳುವಾಗುವುದನ್ನು ಕಣ್ಣಾರೆ ನೋಡುತ್ತಿರುವ ನಮಗೆ ಈ ಭಯ ಚೆನ್ನಾಗಿಯೇ ಗೊತ್ತು.

ಪದಗಳನ್ನು ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಅಂತರ್ಜಾಲ, ಜಾಲತಾಣ ಚೆನ್ನಾಗಿಯೇ ನೆಲೆಯೂರಿವೆ, ಖುಷಿಯಿಂದ ಬಳಸುತ್ತೇನೆ. ಪಠ್ಯಪುಸ್ತಕಕ್ಕೆ, ಪ್ರಬಂಧಕ್ಕೆ ಯಂತ್ರಾಂಶವೂ ಬೇಕು, ತಂತ್ರಾಂಶವೂ ಬೇಕು. ಆದರೆ ಸರ್ಕಾರ, ಜಮೀನು, ದಾಖಲೆ, ಖುರ್ಚಿ, ಚಾವಿ ಎಲ್ಲವೂ ಹೊರಗಿನಿಂದ ಬಂದವೇ. ಜಮೀನು ಎಂಬ ಪದ ಪಾರಸಿಯಿಂದ ಬಂದಿತೆಂದು ನಮ್ಮ ರೈತ ಗೇಣಿಗೂ ಕ್ರಯಕ್ಕೂ ವ್ಯತ್ಯಾಸ ಮರೆಯಲಿಲ್ಲ, ಏಕೆಂದರೆ ಆ ವ್ಯತ್ಯಾಸವನ್ನು ಅವನು ಕನ್ನಡದಲ್ಲಿ ವಾದಿಸುತ್ತಿದ್ದ. ಒಂದು ಭಾಷೆಯಲ್ಲಿ ಯೋಚನೆ ನಿಂತುಹೋಗುವುದು ಎರವಲು ಪದ ಬಂದಾಗ ಅಲ್ಲ; ವಿವರಿಸುವ ಕೆಲಸವನ್ನು ಆ ಭಾಷೆಯಲ್ಲಿ ನಿಲ್ಲಿಸಿದಾಗ. ಮೌಶಿಯ ಫೋನಿನಲ್ಲಿ ಕನ್ನಡದ ಪದಗಳಿದ್ದವು, ವಿವರಣೆ ಇರಲಿಲ್ಲ.

ಆ ವಿವರಣೆ ಈಗ ನಡೆಯುತ್ತಿರುವುದು ಎಲ್ಲಿ? ನಮ್ಮ ನಿಮ್ಮ ಭಾನುವಾರದ ಫೋನ್ ಕರೆಗಳಲ್ಲಿ. ಊರಿನಲ್ಲಿ ಅಪ್ಪ ಅಮ್ಮ, ಮುಂಬಯಿಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ ನಾವು. ‘ಮೇಲೆ ಮೂರು ಚುಕ್ಕೆ ಇದೆಯಲ್ಲ, ಅದನ್ನ ಒತ್ತು’ ಎಂದು ಹೇಳುತ್ತೇವೆ. ಊರಿಗೆ ಹೋದಾಗ ತಾಳ್ಮೆ ಸಾಲದೆ ‘ಇಲ್ಲಿ ಕೊಡಮ್ಮ’ ಎಂದು ಫೋನ್ ಕಿತ್ತುಕೊಂಡು ನಾವೇ ಮಾಡಿಕೊಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಮೌಶಿಯ ಫೋನಿನಲ್ಲಿ ಆ ಸಿಂಕ್ ಗುಂಡಿಯನ್ನು ಎರಡು ವರ್ಷದ ಹಿಂದೆ ಒತ್ತಿದ್ದು ನಾನೇ. ‘ಇನ್ನ ಚಿಂತಿ ಇಲ್ಲ, ಎಲ್ಲಾ ಮ್ಯಾಲ ಇರ್ತಾವ’ ಎಂದಿದ್ದೂ ನಾನೇ. ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಹೇಳಲು ಇನ್ನೊಂದು ನಿಮಿಷ ಸಾಕಿತ್ತು.

ಈಗ ಕೆಲಸದಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಳಿಸು, ಮುಚ್ಚು, ಕಳಿಸು ಎಂಬಂಥ, ಹಿಂದಕ್ಕೆ ಬಾರದ ಕೆಲಸದ ಸಾಲು ಬಂದಾಗ ‘ಲಾಗಿದೆ’ ಬರೆಯುವುದಿಲ್ಲ. ಯಾರು, ಎಲ್ಲಿಂದ, ಮರಳಿ ಬರುತ್ತದೆಯೇ ಎಂದು ಕಂಪನಿಗೆ ಕೇಳಿ ಬರೆಯುತ್ತೇನೆ. ಕೆಲವೊಮ್ಮೆ ಉತ್ತರ ಬರುತ್ತದೆ, ಕೆಲವೊಮ್ಮೆ ‘ಗ್ಲಾಸರಿಯಲ್ಲಿರುವುದನ್ನೇ ಬಳಸಿ’ ಎಂದು ಬರುತ್ತದೆ. ಕನ್ನಡದಲ್ಲಿ ಫೋನ್ ಬಳಸುವವರು ಅರ್ಥವಾಗದ ಸಾಲಿನ ಬಗ್ಗೆ ದೂರು ಕೊಟ್ಟರೆ ಆ ಗ್ಲಾಸರಿಯೂ ಬದಲಾದೀತು. ಇಂಗ್ಲಿಷಿಗೆ ಬದಲಾಯಿಸಿಕೊಂಡು ಸುಮ್ಮನಾದರೆ ಆಗುವುದಿಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮನೆಯ ಹಿರಿಯರಿಗೆ ಇಂಥ ಯಾವುದೋ ವ್ಯತ್ಯಾಸವನ್ನು ತಿಳಿಸಿ ಹೇಳಲು ನೀವು ಕಂಡುಕೊಂಡ ಒಂದು ಸಾಲು ಇದ್ದೇ ಇರುತ್ತದೆ. ಈ ಪತ್ರಕ್ಕೆ ಮರುಉತ್ತರವಾಗಿ ಅದನ್ನು ಬರೆದು ಕಳಿಸಿ, ನಿಮ್ಮ ಕಡೆಯ ಮಾತಿನಲ್ಲೇ ಇರಲಿ. ಮೌಶಿಯದ್ದು ನನ್ನ ಬಳಿ ಆಗಲೇ ಇದೆ. ಹೊಸ ಆ್ಯಪ್ ಹಾಕಿಕೊಳ್ಳುವಾಗಲೆಲ್ಲ ಫೋನ್ ಮಾಡಿ ಕೇಳುತ್ತಾಳೆ: “ಇದು ಕನ್ನಡಿನೋ, ಪೆಟಗಿನೋ?”