ಶುಕ್ರವಾರದ ಮೊದಲ ಆಟದಿಂದಲೇ ಕಾವಲು ಬೇಕು

ಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಒಳಾಡಳಿತ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ಇವರಿಂದ: ಕಲಾಸಿಪಾಳ್ಯ, ಜೆ.ಸಿ. ರಸ್ತೆ ಹಾಗೂ ಗಾಂಧಿನಗರದ ಚಿತ್ರಮಂದಿರ ನೌಕರರು, ಸಣ್ಣ ವಿತರಕರು ಮತ್ತು ಪ್ರೇಕ್ಷಕರು

ವಿಷಯ: ಚಲನಚಿತ್ರ ಪೈರಸಿ ತಡೆಗೆ ರಾಜ್ಯ ಪೊಲೀಸ್ ಇಲಾಖೆಯಲ್ಲಿ ಪ್ರತ್ಯೇಕ ಘಟಕ ತೆರೆಯುವ ಕುರಿತು

ಮಾನ್ಯರೇ,

ಕನ್ನಡ ಸಿನಿಮಾವೊಂದರ ಹಣೆಬರಹ ಶುಕ್ರವಾರದ ಮೊದಲ ಆಟಕ್ಕೂ ಭಾನುವಾರದ ಕೊನೆಯ ಆಟಕ್ಕೂ ನಡುವೆ ತೀರ್ಮಾನವಾಗಿಬಿಡುತ್ತದೆ. ಆ ಮೂರು ದಿನದ ಗಳಿಕೆ ನೋಡಿಯೇ ಸೋಮವಾರ ಚಿತ್ರವನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿಂದ ಎತ್ತಬೇಕು ಎಂದು ಗಾಂಧಿನಗರ ಲೆಕ್ಕ ಹಾಕುತ್ತದೆ. ಕಳ್ಳ ಪ್ರತಿ ಹೊರಬೀಳುವುದೂ ಅದೇ ಮೂರು ದಿನದಲ್ಲಿ. 2019ರ ಸೆಪ್ಟೆಂಬರ್ 12ರಂದು ತೆರೆಕಂಡ ‘ಪೈಲ್ವಾನ್’ ಬಿಡುಗಡೆಯ ಬೆನ್ನಿಗೇ ಅಂತರ್ಜಾಲದಲ್ಲಿ ಹರಿದಾಡಿತು. ಚಿತ್ರತಂಡ ಸೈಬರ್ ಪೊಲೀಸರ ಮೊರೆ ಹೋಯಿತು, ಬಂಧನವೂ ಆಯಿತು. ಆದರೆ ಕೈಬಿಟ್ಟುಹೋದ ವಾರಾಂತ್ಯವನ್ನು ಯಾವ ಬಂಧನವೂ ವಾಪಸು ತಂದುಕೊಡುವುದಿಲ್ಲ.

ಕಲಾಸಿಪಾಳ್ಯಕ್ಕೆ ಈ ಕಳವು ಹಳೆಯ ಪರಿಚಯ. ಇಲ್ಲಿಂದ ಹೊರಡುತ್ತಿದ್ದ ಖಾಸಗಿ ರಾತ್ರಿ ಬಸ್ಸುಗಳ ಮುಂಗಾಜಿನ ಮೇಲೆ ‘ವಿಡಿಯೊ ಕೋಚ್’ ಎಂದು ದಪ್ಪಕ್ಷರದಲ್ಲಿ ಬರೆಸಿರುತ್ತಿದ್ದರು. ಚಾಲಕನ ಹಿಂದೆ ಮರದ ಪೆಟ್ಟಿಗೆಯಲ್ಲಿ ಟಿ.ವಿ., ಅದರ ಕೆಳಗೆ ವಿಸಿಪಿ. ಬಸ್ಸು ಊರು ದಾಟುತ್ತಿದ್ದಂತೆ ಕ್ಲೀನರ್ ಕ್ಯಾಸೆಟ್ ಹಾಕುತ್ತಿದ್ದ. ವಿಡಿಯೊ ಪೈರಸಿಯ ಹಾವಳಿಗೆಂದೇ ಕೃತಿಸ್ವಾಮ್ಯ ಕಾಯ್ದೆಯನ್ನು 1984ರಲ್ಲಿ ತಿದ್ದಬೇಕಾಯಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು. ಈಗ ಹವಾನಿಯಂತ್ರಿತ ಸ್ಲೀಪರ್ ಬಸ್ಸಿನಲ್ಲಿ ಪ್ರಯಾಣಿಕ ತನ್ನ ಮೊಬೈಲಿನಲ್ಲೇ ಟೆಲಿಗ್ರಾಂ ಲಿಂಕ್ ತೆರೆಯುತ್ತಾನೆ. ಹಾಗೆಂದು ಬಸ್ಸಿನ ಪರದೆ ಪೂರ್ತಿ ಆರಿಲ್ಲ. 2025ರ ಫೆಬ್ರವರಿಯಲ್ಲಿ ತೆಲುಗಿನ ‘ತಂಡೇಲ್’ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಕಳ್ಳ ಪ್ರತಿ ಆಂಧ್ರದ ಸಾರಿಗೆ ಸಂಸ್ಥೆಯ ಬಸ್ಸೊಂದರಲ್ಲೇ ಪ್ರದರ್ಶನಗೊಂಡು, ನಿರ್ಮಾಪಕರು ಬಹಿರಂಗವಾಗಿ ದೂರಿದ್ದರು.

ಕಾನೂನಿಗೆ ಕೊರತೆಯಿಲ್ಲ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವರಿಗೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ ಹೋಗಬಹುದು. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರ ಅಪರಾಧ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ರಾಜ್ಯದ ಗೂಂಡಾ ಕಾಯ್ದೆಯಲ್ಲಿಯೂ ವಿಡಿಯೊ, ಆಡಿಯೊ ಪೈರಸಿ ಮಾಡುವವರ ಹೆಸರಿದೆ.

ಕೊರತೆ ಇರುವುದು ಸಮಯದ್ದು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ನವೆಂಬರ್‌ನಲ್ಲಿ ಸೆನ್ಸಾರ್ ಮಂಡಳಿಯ ಕಚೇರಿಗಳಲ್ಲಿ ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಅವರ ಸೂಚನೆ ತಲುಪಿದ 48 ಗಂಟೆಗಳೊಳಗೆ ಲಿಂಕ್ ತೆಗೆಯಬೇಕು. ಶುಕ್ರವಾರ ಸಂಜೆಯೇ ಸೂಚನೆ ಹೋಯಿತೆಂದುಕೊಂಡರೂ ಗಡುವು ಮುಗಿಯುವುದು ಭಾನುವಾರ ಸಂಜೆ. ಅಷ್ಟರಲ್ಲಿ ಸಿನಿಮಾದ ಆಯಸ್ಸೇ ಮುಗಿದಿರುತ್ತದೆ.

ಸಲಹಾ ಸಂಸ್ಥೆ ಇವೈ ಮತ್ತು ಅಂತರ್ಜಾಲ ಉದ್ಯಮದ ಸಂಘಟನೆ ಐಎಎಂಎಐ 2024ರ ಅಕ್ಟೋಬರ್‌ನಲ್ಲಿ ಹೊರತಂದ ವರದಿ, 2023ರಲ್ಲಿ ದೇಶದ ಪೈರಸಿ ವಹಿವಾಟು 22,400 ಕೋಟಿ ರೂಪಾಯಿ ಎಂದು ಅಂದಾಜಿಸಿದೆ. ಅದರಲ್ಲಿ 13,700 ಕೋಟಿ ಚಿತ್ರಮಂದಿರದ ಸಿನಿಮಾಗಳದ್ದು. ಸರ್ಕಾರಕ್ಕೆ ಕೈತಪ್ಪುವ ಜಿಎಸ್‌ಟಿ 4,300 ಕೋಟಿಯವರೆಗೆ. ದೊಡ್ಡ ಬಜೆಟ್ಟಿನ ಚಿತ್ರಗಳು ಈ ಪೆಟ್ಟನ್ನು ಹೇಗೋ ತಡೆದುಕೊಂಡಾವು. ಸಣ್ಣ ಕನ್ನಡ ಚಿತ್ರಕ್ಕೆ ಆ ಶಕ್ತಿಯಿಲ್ಲ. ಒಟಿಟಿಗಳು ಕನ್ನಡವನ್ನು ಕೊಳ್ಳಲು ಹಿಂಜರಿಯುತ್ತಿರುವುದರಿಂದಲೇ ರಕ್ಷಿತ್ ಶೆಟ್ಟಿ ಬಳಗದ ‘ಏಕಂ’ ಸರಣಿ 2024ರಲ್ಲಿ ಸ್ವಂತ ತಾಣದಲ್ಲಿ ಬಿಡುಗಡೆಯಾಗಬೇಕಾಯಿತು. ಹೀಗಿರುವಾಗ ಹೊಸಬರಿಗೆ ಟಿಕೆಟ್ ಹಣವೇ ಗತಿ. ಅದು ನಿಂತರೆ ಗೇಟ್‌ಕೀಪರ್, ಸೈಕಲ್ ಸ್ಟ್ಯಾಂಡಿನವರು, ಕ್ಯಾಂಟೀನಿನವರು ಎಲ್ಲರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಚಿತ್ರಮಂದಿರ ನೆಲಸಮವಾಯಿತು. ಮಿನರ್ವ ಸರ್ಕಲ್‌ನಲ್ಲಿ ಉಳಿದಿರುವುದು ಟಾಕೀಸಿನ ಹೆಸರಷ್ಟೇ. ಅವೆಲ್ಲ ಪೈರಸಿಯೊಂದರಿಂದಲೇ ಮುಚ್ಚಿದವೆಂದು ಮನವಿದಾರರು ಹೇಳುತ್ತಿಲ್ಲ. ಜಾಗದ ಬೆಲೆ, ಮಲ್ಟಿಪ್ಲೆಕ್ಸ್, ಟಿ.ವಿ. ಎಲ್ಲದರ ಪಾಲೂ ಇದೆ. ಉಳಿದಿರುವ ಮಂದಿರಗಳನ್ನಾದರೂ ಈ ಒಂದು ಹೊಡೆತದಿಂದ ಕಾಪಾಡಲು ಸಾಧ್ಯವಿದೆ ಎಂಬುದು ಅವರ ಮಾತು.

ಸಾಧ್ಯವೆನ್ನಲು ಆಧಾರ ಬೆಂಗಳೂರಿನಲ್ಲೇ ಸಿಕ್ಕಿತು. 2024ರ ಸೆಪ್ಟೆಂಬರ್ 12ರಂದು ಬಿಡುಗಡೆಯಾದ ಮಲಯಾಳದ ‘ಎಆರ್‌ಎಂ’ ಚಿತ್ರವನ್ನು ಕೊಯಮತ್ತೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಕದ್ದು ಚಿತ್ರೀಕರಿಸಿದ್ದ ಆರೋಪಿಗಳನ್ನು ಕೊಚ್ಚಿಯ ಸೈಬರ್ ಪೊಲೀಸರು ಮರುತಿಂಗಳು ಹಿಡಿದದ್ದು ನಮ್ಮ ನಗರದಲ್ಲಿ. ಡಿಜಿಟಲ್ ಸಿನಿಮಾದ ಚಿತ್ರದೊಳಗೇ ಕಣ್ಣಿಗೆ ಕಾಣದ ಗುರುತೊಂದು ಇರುತ್ತದೆ. ಕಳ್ಳ ಪ್ರತಿಯನ್ನು ಪರೀಕ್ಷಿಸಿದರೆ ಅದು ಯಾವ ಮಂದಿರ, ಯಾವ ಪರದೆ, ಯಾವ ಹೊತ್ತಿನ ಪ್ರದರ್ಶನ ಎಂಬುದನ್ನು ಆ ಗುರುತು ಹೇಳಿಬಿಡುತ್ತದೆ. ಕೇರಳದ ಪೊಲೀಸರು ಇಲ್ಲಿಗೆ ಬಂದು ಹಿಡಿಯಬಹುದಾದರೆ, ಇಲ್ಲಿನವರು ಕನ್ನಡ ಚಿತ್ರಕ್ಕಾಗಿ ಖಂಡಿತ ಹಿಡಿಯಬಲ್ಲರು.

ಆದ್ದರಿಂದ ಮನವಿದಾರರ ಮೊದಲ ಬೇಡಿಕೆ: 2025ರಲ್ಲಿ ರಚನೆಯಾದ ರಾಜ್ಯದ ಸೈಬರ್ ಕಮಾಂಡ್ ಘಟಕದೊಳಗೆ ಪೈರಸಿಗೆಂದೇ ಒಂದು ತಂಡ ಇರಬೇಕು. ಅದು ಗುರುವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಹಗಲಿರುಳು ಕೆಲಸ ಮಾಡಬೇಕು. ನಿರ್ಮಾಪಕರು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೂ ದೂರೆಂದು ಸ್ವೀಕರಿಸಿ, ಕೆಲವೇ ಗಂಟೆಗಳಲ್ಲಿ ನೋಡಲ್ ಅಧಿಕಾರಿಗೂ ಜಾಲತಾಣ ಸಂಸ್ಥೆಗೂ ಮುಟ್ಟಿಸಬೇಕು. ಆ ಅದೃಶ್ಯ ಗುರುತಿನ ವರದಿ ನಿರ್ಮಾಪಕರ ಕಡತದಲ್ಲಿ ಕೊಳೆಯದೆ ಅದೇ ದಿನ ತನಿಖಾಧಿಕಾರಿಯ ಕೈ ಸೇರಲು ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಡಿಜಿಟಲ್ ಪ್ರಸಾರ ಸಂಸ್ಥೆಗಳೊಡನೆ ಲಿಖಿತ ಒಪ್ಪಂದವಾಗಬೇಕು.

ಬಸ್ಸುಗಳ ವಿಚಾರದಲ್ಲಿ ಸಾರಿಗೆ ಇಲಾಖೆ ಮುಂದಾಗಲಿ. ಪ್ರಯಾಣದರ ಪಡೆದು ಕೂರಿಸಿಕೊಂಡವರಿಗೆ ಕಳ್ಳ ಪ್ರತಿ ತೋರಿಸುವುದೂ ಲಾಭಕ್ಕಾಗಿ ಮಾಡುವ ಪ್ರದರ್ಶನವೇ. ಪರವಾನಗಿಯ ಷರತ್ತಿನಲ್ಲೇ ಅದನ್ನು ನಿಷೇಧಿಸಿದರೆ ನಿಯತ್ತಿನ ಬಸ್ ಮಾಲೀಕರಿಗೂ ಅನುಕೂಲ.

ಇನ್ನೊಂದು ವಿನಂತಿಯನ್ನು ಮನವಿದಾರರು ಒತ್ತಿ ಹೇಳಬಯಸುತ್ತಾರೆ. ಗೂಂಡಾ ಕಾಯ್ದೆಯನ್ನು ಲಿಂಕ್ ಫಾರ್ವರ್ಡ್ ಮಾಡಿದ ಕಾಲೇಜು ಹುಡುಗನ ಮೇಲೋ, ಪೆನ್‌ಡ್ರೈವ್ ತುಂಬಿಕೊಡುವ ಮೊಬೈಲ್ ಅಂಗಡಿಯ ಕೂಲಿಯಾಳಿನ ಮೇಲೋ ಬಳಸಬೇಡಿ. ಅವರಿಗೆ ಎಚ್ಚರಿಕೆ ಸಾಕು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಆ ಕಾಯ್ದೆ ಕಳ್ಳತಾಣ ನಡೆಸಿ ಜಾಹೀರಾತು ಹಣ, ಬೆಟ್ಟಿಂಗ್ ಹಣ ಎಣಿಸುವ ದೊಡ್ಡವರಿಗಷ್ಟೇ ಮೀಸಲಾಗಿರಲಿ.

ಈ ಬೇಡಿಕೆಗಳ ಚರ್ಚೆಗೆ ಒಳಾಡಳಿತ, ಸಾರಿಗೆ ಹಾಗೂ ವಾರ್ತಾ ಇಲಾಖೆಗಳ ಜಂಟಿ ಸಭೆ ಕರೆದು, ಚಿತ್ರಮಂದಿರ ನೌಕರರ ಪ್ರತಿನಿಧಿಗಳನ್ನೂ ಅದಕ್ಕೆ ಆಹ್ವಾನಿಸಬೇಕೆಂದು ಕೋರಲಾಗಿದೆ.


ಮನವಿದಾರರು, ಕಲಾಸಿಪಾಳ್ಯ

ಪ್ರತಿಗಳು: ಸಾರಿಗೆ ಆಯುಕ್ತರು, ಬೆಂಗಳೂರು ನಗರ ಪೊಲೀಸ್ ಆಯುಕ್ತರು, ಅಧ್ಯಕ್ಷರು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ