ಕಂಪನಿಯವರ ಮೂರು ತಿಂಗಳ ಲೆಕ್ಕ ನಾವೂ ಓದಬೇಕು

ಇವತ್ತು ಗೊಬ್ಬರ, ಔಷಧಿ ವಿಷಯ ಅಲ್ಲ. ಸ್ವಲ್ಪ ಉದ್ದ ಅದೆ, ಹಾಲು ಡೇರಿಗೆ ಹಾಕಿ ಬಂದಮೇಲೆ ಪುರುಸೊತ್ತಾಗಿ ಓದಿ.

ಪೇಪರಿನ ವಾಣಿಜ್ಯ ಪುಟದಲ್ಲಿ ಮೂರು ತಿಂಗಳಿಗೊಂದು ಸಲ ದೊಡ್ಡ ಕಂಪನಿಗಳ 'ತ್ರೈಮಾಸಿಕ ಫಲಿತಾಂಶ' ಅಂತ ಬರ್ತದೆ. ಇಷ್ಟು ಕೋಟಿ ಮಾರಾಟ, ಇಷ್ಟು ಕೋಟಿ ಲಾಭ, ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು ಕಮ್ಮಿ ಅಂತ. ನಾವು ಆ ಪುಟ ಮಗುಚಿ ಹಾಕಿ ಮುಂದಕ್ಕೆ ಹೋಗ್ತೀವಿ, ಅದು ಷೇರು ಇಟ್ಕೊಂಡಿರೋರ ಬಾಬತ್ತು ಅಂತ. ನನ್ನ ಅಭಿಪ್ರಾಯ ಏನಂದ್ರೆ, ಆ ಕಾಗದ ಷೇರಿನವರಿಗಿಂತ ನಮಗೇ ಹೆಚ್ಚು ಬೇಕಾದ್ದು. ತಿನ್ನೋ ಪದಾರ್ಥ ಮಾರೋ ಕಂಪನಿ 'ಕಚ್ಚಾ ಮಾಲು' ಅಂತ ಬರೆದಿರೋ ಕಡೆ ಕೂತಿರೋದು ನಾವೇ.

ಹತ್ತಿರದ್ದೇ ಉದಾಹರಣೆ ತಗೊಳ್ಳೋಣ. ಟಿ.ನರಸೀಪುರ ದಾಟಿ ಹೋದ್ರೆ ನಂಜನಗೂಡಲ್ಲಿ ನೆಸ್ಲೆ ಫ್ಯಾಕ್ಟರಿ ಅದೆ. 1989ರಲ್ಲಿ ಕಾಫಿ ಪುಡಿ ಮಾಡೋಕೆ ಶುರುವಾದದ್ದು, ಆಮೇಲೆ ಮ್ಯಾಗಿಯೂ ಅಲ್ಲಿ ತಯಾರಾಯ್ತು. ಈ ಕಂಪನಿಯಲ್ಲಿ ನೂರಕ್ಕೆ 62 ಪಾಲಿಗೂ ಮೇಲೆ ಸ್ವಿಟ್ಜರ್‌ಲೆಂಡಿನ ಮೂಲ ಕಂಪನಿದು.

2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಇವರ ಮಾರಾಟ 5,000 ಕೋಟಿ ದಾಟಿತ್ತು. ದಿನಕ್ಕೆ ಲೆಕ್ಕ ಹಾಕಿದ್ರೆ 55 ಕೋಟಿ ಆಯ್ತದೆ. ಲಾಭ ಸುಮಾರು 650 ಕೋಟಿ. ಅಂದ್ರೆ ನೂರು ರೂಪಾಯಿ ಮಾಲು ಮಾರಿದ್ರೆ ಎಲ್ಲಾ ಖರ್ಚು, ಸಂಬಳ, ಬಡ್ಡಿ, ತೆರಿಗೆ ಕಳೆದು ಹದಿಮೂರು ರೂಪಾಯಿ ಉಳೀತು. ಆದ್ರೂ ಪೇಪರಿನಲ್ಲಿ 'ಲಾಭ ಕುಸಿತ' ಅಂತ ಬಂತು, ಯಾಕಂದ್ರೆ ಹಿಂದಿನ ವರ್ಷದ ಅದೇ ಮೂರು ತಿಂಗಳಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಇಳಿದಿತ್ತು. ಕಂಪನಿ ಹೇಳಿದ ಕಾರಣಗಳಲ್ಲಿ ಮುಖ್ಯವಾದ್ದು, ಕಚ್ಚಾ ಮಾಲು ದುಬಾರಿ ಆಗಿರೋದು.

ಇಲ್ಲೇ ನಾವು ನಿಲ್ಲಬೇಕು. ಕಂಪನಿ 'ಕಷ್ಟ' ಅಂತ ಬರೆದಿರೋದು ಇನ್ನೊಂದು ಕಡೆ ಯಾರದೋ ಬೆಲೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು 2024-25ರಲ್ಲಿ ಕಾಫಿ ಬೆಲೆ ದಾಖಲೆ ಮಟ್ಟಕ್ಕೆ ಹೋಯ್ತು. ಕಾಫಿ ಪುಡಿ ಮಾಡೋನಿಗೆ ಅದು ಹೊರೆ. ನಮ್ಮ ಯಳಂದೂರು ಕಡೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಒಂದೆರಡು ಎಕರೆಯಲ್ಲಿ ಕಾಫಿ ಬೆಳೀತಾರಲ್ಲ, ಅವರಿಗೆ ಅದೇ ಅನ್ನ. ಕಂಪನಿಯವರು 'ಕಚ್ಚಾ ಮಾಲಿನ ಬೆಲೆ ಹದಕ್ಕೆ ಬಂತು' ಅಂತ ಖುಷಿಯಾಗಿ ಬರೆದ ದಿನ, ಯಾವುದೋ ಮಂಡಿಯಲ್ಲಿ ಯಾರದೋ ಮೂಟೆಗೆ ರೇಟು ಬಿದ್ದಿರ್ತದೆ.

ನಮ್ಮ ತಂಗಿ ಮಗ ಬಿ.ಕಾಂ ಮಾಡಿ ಮೈಸೂರಲ್ಲಿ ಆಡಿಟರ್ ಆಫೀಸಲ್ಲಿ ಅವ್ನೆ. ಅವನ್ನ ಕೂರಿಸ್ಕೊಂಡು ಕೇಳಿದೆ. ಇಪ್ಪತ್ತು ಪುಟ ಓದೋ ಅಗತ್ಯ ಇಲ್ಲ ಮಾವ, ಮೂರು ಕಡೆ ನೋಡು ಸಾಕು ಅಂದ. ನಿಮಗೂ ಹೇಳ್ತೀನಿ.

ಮೊದಲನೇದು, ಮಾರಾಟ ಹೆಚ್ಚಾಗಿದ್ದು ಮಾಲಿನಿಂದಲೋ ರೇಟಿನಿಂದಲೋ. 2022ರ ಮಾರ್ಚ್‌ನಲ್ಲಿ 70 ಗ್ರಾಂ ಮ್ಯಾಗಿ 12 ರೂಪಾಯಿ ಇದ್ದದ್ದು 14 ಆಯ್ತು. ಒಂದು ಪೊಟ್ಟಣವೂ ಹೆಚ್ಚಿಗೆ ಮಾರದಿದ್ರೂ ಲೆಕ್ಕದಲ್ಲಿ ನೂರಕ್ಕೆ ಹದಿನಾರು ಹದಿನೇಳು 'ಬೆಳವಣಿಗೆ' ಕಾಣ್ತದೆ. ಎಷ್ಟು ಟನ್ ಹೋಯ್ತು ಅನ್ನೋದನ್ನ 'ವಾಲ್ಯೂಮ್' ಅಂತಾರೆ. ಅದು ಏರಿದ್ರೆ ಮಾತ್ರ ಹೊಲದ ಮಾಲಿಗೆ ಬೇಡಿಕೆ ಏರ್ತದೆ. ರೇಟು ಏರಿದ್ರೆ ಗಿರಾಕಿ ಜೇಬಿಗೆ ಭಾರ, ನಮಗೇನೂ ಬರಲ್ಲ. 2025ರ ಸೆಪ್ಟೆಂಬರ್ 22ರಿಂದ ನೂಡಲ್ಸ್, ಬಿಸ್ಕತ್ತು, ಇನ್‌ಸ್ಟಂಟ್ ಕಾಫಿ ಪುಡಿ ಮೇಲಿನ ಜಿಎಸ್‌ಟಿ 12, 18 ಇದ್ದದ್ದು 5ಕ್ಕೆ ಇಳೀತು. ಅದರಿಂದ ಮಾಲು ನಿಜವಾಗಿ ಹೆಚ್ಚು ಹೋಯ್ತಾ ಅನ್ನೋದು ಈ ಸಾಲಿನಲ್ಲೇ ಗೊತ್ತಾಗಬೇಕು.

ಎರಡನೇದು, ಕಚ್ಚಾ ಮಾಲಿನ ಖರ್ಚು ಅನ್ನೋ ಸಾಲು. ನೆಸ್ಲೆ ಲೆಕ್ಕದಲ್ಲಿ ನೂರು ರೂಪಾಯಿ ಮಾರಾಟಕ್ಕೆ ಇದು ಸುಮಾರು 45 ರೂಪಾಯಿ. ಇಷ್ಟೂ ರೈತನಿಗೆ ಅಂದ್ಕೋಬೇಡಿ. ಪ್ಲಾಸ್ಟಿಕ್ ಕವರು, ರಟ್ಟಿನ ಡಬ್ಬ, ಎಣ್ಣೆ ಗಿರಣಿಯವನ ಲಾಭ, ದಲ್ಲಾಳಿ ಕಮಿಷನ್ನು, ಲಾರಿ ಬಾಡಿಗೆ ಎಲ್ಲಾ ಅದರೊಳಗೇ. ಇದೆಲ್ಲ ಕಳೆದು ಹೊಲಕ್ಕೆ ಬಂದದ್ದು ಎಷ್ಟು ಅಂತ ಯಾವ ಕಂಪನಿ ಲೆಕ್ಕದಲ್ಲೂ ಬೇರೆ ಸಾಲು ಇರಲ್ಲ.

ಮೂರನೇದು, ಮುಂದೆ ಯಾವ ಮಾಲಿನ ಬೆಲೆ ಏನಾಗಬಹುದು ಅಂತ ಬರೆಯೋ ಒಂದು ಪ್ಯಾರಾ. ಹಾಲು, ಕಾಫಿ, ಎಣ್ಣೆ, ಕೋಕೋ ಇವುಗಳ ಬಗ್ಗೆ ನೆಸ್ಲೆಯವರು ಫಲಿತಾಂಶದ ಜೊತೆಗೆ ಇದನ್ನ ಹೇಳ್ತಾರೆ. ದೇಶಾದ್ಯಂತ ಖರೀದಿ ಮಾಡೋರ ಅಂದಾಜು ಇದು, ಅದೂ ಪುಕ್ಕಟೆ. ನಾವು ಮಾತ್ರ ಈರೋಡಿಂದ ಯಾರಾದ್ರೂ ಫೋನ್ ಮಾಡಿದ್ರೆ ಅದನ್ನೇ ನಂಬ್ತೀವಿ.

ಗೋಧಿ ನಮ್ಮಲ್ಲಿ ಬೆಳೆಯಲ್ಲ, ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಬರ್ತದೆ, ನೆಸ್ಲೆ ಲೆಕ್ಕ ಕಟ್ಕೊಂಡು ನಮಗೇನು ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಂಗಾದ್ರೆ ಅರಿಶಿನಕ್ಕೇ ಬರ್ತೀನಿ. ಬೆಂಗಳೂರಿನ ಎಂ.ಟಿ.ಆರ್. ಎಲ್ಲರಿಗೂ ಗೊತ್ತು. 1924ರಲ್ಲಿ ಹೋಟೆಲಾಗಿ ಶುರುವಾದ ಮನೆತನದ ಹೆಸರು ಅದು. ಅದರ ಪುಡಿ, ಪ್ಯಾಕೆಟ್ ವ್ಯಾಪಾರವನ್ನ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡ್ಕೊಂಡ್ತು, ಆಮೇಲೆ ಕೇರಳದ ಈಸ್ಟರ್ನ್ ಮಸಾಲೆಯೂ ಅವರದ್ದಾಯ್ತು. 2025ರ ನವೆಂಬರ್ 6ರಂದು ಓರ್ಕ್ಲಾ ಇಂಡಿಯಾ ಷೇರುಪೇಟೆಗೆ ಬಂತು. 2024-25ರಲ್ಲಿ ಅದರ ಮಾರಾಟ ಸುಮಾರು 2,400 ಕೋಟಿ, ಲಾಭ ಸುಮಾರು 255 ಕೋಟಿ. ಷೇರುಪೇಟೆಗೆ ಬಂದ ಮೇಲೆ ಇವರೂ ಮೂರು ತಿಂಗಳಿಗೊಂದು ಸಲ ಲೆಕ್ಕ ಒಪ್ಪಿಸಲೇಬೇಕು. ಅರಿಶಿನ, ಮೆಣಸಿನಕಾಯಿ, ಧನಿಯಾ ಅವರ ಅಂಗಡಿ ಸರಕು. ಕೊಳ್ಳೇಗಾಲ, ಹನೂರು ಕಡೆ ಅರಿಶಿನ ಹಾಕೋರು ನೋಡಲೇಬೇಕಾದ ಲೆಕ್ಕ ಇದು.

ಅರಿಶಿನ ಎಷ್ಟೋ ವರ್ಷ ಕ್ವಿಂಟಾಲ್‌ಗೆ ಐದಾರು ಸಾವಿರದಲ್ಲೇ ಬಿದ್ದಿತ್ತು. ಬೇಸತ್ತು ಎಷ್ಟೋ ಜನ ಬಿಟ್ರು. ಬಿಟ್ಟ ಮೇಲೆ 2023ರಲ್ಲಿ ಹತ್ತು ಸಾವಿರ ದಾಟ್ತು. ಆ ಅಗ್ಗದ ವರ್ಷಗಳಲ್ಲಿ ಯಾರ ಲೆಕ್ಕದಲ್ಲಿ ಉಳಿತಾಯ ಕೂತಿತ್ತು ಅಂತ ಕೇಳೋಕೆ ನಮಗೆ ಕಾಗದವೇ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಮುಸುಕಿನ ಜೋಳದ ಕಥೆಯೂ ನೋಡಿದ್ರಲ್ಲ. ಬೆಂಬಲ ಬೆಲೆ 2,400, ಮಾರುಕಟ್ಟೆಯಲ್ಲಿ ಎರಡು ಸಾವಿರಕ್ಕೂ ಕೆಳಗೆ.

ಕಂಪನಿ ಲಾಭ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಲಾಭ ಇಲ್ಲದ ಕಂಪನಿ ನಮ್ಮ ಮಾಲು ಹೆಂಗೆ ಕೊಳ್ತದೆ? ನನ್ನ ಮಾತು ತಡ್ಕೊಳ್ಳೋ ಶಕ್ತಿ ಬಗ್ಗೆ. 2015ರ ಜೂನ್‌ನಲ್ಲಿ ಸೀಸ ಜಾಸ್ತಿ ಅದೆ ಅಂತ ಮ್ಯಾಗಿ ನಿಷೇಧ ಆಯ್ತು. ಮೂವತ್ತು ಸಾವಿರ ಟನ್ ಮೇಲೆ ಮಾಲು ಸುಟ್ರು. ಆ ಮೂರು ತಿಂಗಳ ಲೆಕ್ಕದಲ್ಲಿ 64 ಕೋಟಿ ನಷ್ಟ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ತೆಗೀತು, ಅಕ್ಟೋಬರ್‌ನಲ್ಲಿ ನಂಜನಗೂಡು ಸೇರಿ ಮೂರು ಕಡೆ ತಯಾರಿಕೆ ಮತ್ತೆ ಶುರು. ವರ್ಷದ ಕೊನೆಗೆ ನೋಡಿದ್ರೆ 563 ಕೋಟಿ ಲಾಭ. ಹಿಂದಿನ ವರ್ಷ 1,185 ಕೋಟಿ ಇತ್ತು, ಅರ್ಧಕ್ಕೂ ಕಮ್ಮಿ ಆಯ್ತು, ಆದ್ರೂ ಲಾಭವೇ. ನಮ್ಮಲ್ಲಿ ಒಂದು ಫಸಲು ಸುಟ್ಟು ಹಾಕಿದ್ರೆ ಆ ಮನೆ ಎದ್ದು ನಿಲ್ಲೋಕೆ ಎಷ್ಟು ವರ್ಷ ಬೇಕು, ನೀವೇ ಹೇಳಿ. ಇಂಥಾ ಎರಡು ಕಡೆಯವರು ವ್ಯಾಪಾರಕ್ಕೆ ಕೂತಾಗ ಕಮ್ಮಿ ಶಕ್ತಿಯವನ ಕೈಯಲ್ಲಿ ಲೆಕ್ಕವಾದ್ರೂ ಇರಬೇಕು.

ಈಗ ಮುಖ್ಯ ವಿಷಯ. ಸೆಬಿ ನಿಯಮದ ಪ್ರಕಾರ, ಹಣಕಾಸು ವರ್ಷದ ಕೊನೇ ತ್ರೈಮಾಸಿಕ ಬಿಟ್ಟು, ಮೂರು ತಿಂಗಳು ಮುಗಿದ 45 ದಿನದೊಳಗೆ ಷೇರಿನವರಿಗೆ ಲೆಕ್ಕ ಕೊಡಬೇಕು. ಒಂದು ಷೇರು ಇಟ್ಟವನಿಗೂ ಆ ಹಕ್ಕು ಅದೆ. ಹತ್ತು ವರ್ಷ ಮಾಲು ಕೊಟ್ಟ ರೈತನಿಗೆ ಇಲ್ಲ. ಇದರ ಜೊತೆಗೆ ದೊಡ್ಡ ಸಾವಿರ ಕಂಪನಿಗಳು ವರ್ಷಕ್ಕೊಂದು ಸಲ ಬಿ.ಆರ್.ಎಸ್.ಆರ್. ಅನ್ನೋ ವರದಿ ಕೊಡಬೇಕು. ಸಣ್ಣ ಉತ್ಪಾದಕರಿಂದ ನೇರವಾಗಿ ನೂರಕ್ಕೆ ಎಷ್ಟು ಕೊಂಡ್ರಿ ಅಂತ ಅದರಲ್ಲಿ ಪ್ರಶ್ನೆ ಅದೆ. 2021ರಲ್ಲಿ ಬಂದ ಮೊದಲ ಫಾರಂನಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ಅದೇ ಜಿಲ್ಲೆ ಮತ್ತು ಅಕ್ಕಪಕ್ಕದ ಜಿಲ್ಲೆಗಳಿಂದ ಎಷ್ಟು ಕೊಂಡ್ರಿ? 2023ರಲ್ಲಿ ಅದನ್ನ ತಿದ್ದಿ 'ಭಾರತದೊಳಗಿಂದ ಎಷ್ಟು' ಅಂತ ಮಾಡಿದ್ರು. ಭಾರತ ಅಂದ್ರೆ ಪಂಜಾಬೂ ಸೇರ್ತು, ಅಸ್ಸಾಮೂ ಸೇರ್ತು. ನಂಜನಗೂಡಲ್ಲಿ ಫ್ಯಾಕ್ಟರಿ ಇಟ್ಕೊಂಡು ಮೈಸೂರು, ಚಾಮರಾಜನಗರದಿಂದ ಯಾರು ಎಷ್ಟು ಕೊಳ್ತಾರೆ ಅಂತ ತಿಳಿಯೋ ಒಂದು ಕಿಂಡಿ ಇತ್ತು, ಅದೂ ಮುಚ್ಚಿಹೋಯ್ತು. ಆ ಜಿಲ್ಲೆ ಪ್ರಶ್ನೆ ವಾಪಸ್ ಬರಬೇಕು ಅನ್ನೋದು ನನ್ನ ಬೇಡಿಕೆ. ಬೆಂಬಲ ಬೆಲೆಗೆ ರಸ್ತೆಗೆ ಇಳಿಯೋ ನಮ್ಮ ಸಂಘಟನೆಗಳು ಮನವಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಬೇಕು. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಅಲ್ಲಿವರೆಗೆ ನಮ್ಮ ಕೈಲಿ ಆಗೋ ಕೆಲಸ ಎರಡು. ರೈತ ಉತ್ಪಾದಕ ಕಂಪನಿ ಮಾಡ್ಕೊಂಡಿರೋರು ಖರೀದಿ ಮಾತುಕತೆಗೆ ಹೋಗೋ ಮುಂಚೆ ಆ ಕಂಪನಿಯ ಹಿಂದಿನ ನಾಲ್ಕು ತ್ರೈಮಾಸಿಕ ಲೆಕ್ಕ ಒಟ್ಟಿಗೆ ಇಟ್ಕೊಂಡು ಕಚ್ಚಾ ಮಾಲಿನ ಸಾಲು ಏರಿದೆಯಾ ಇಳಿದಿದೆಯಾ ನೋಡಿ. ಇಳಿದು, ಲಾಭ ಏರಿದ್ರೆ, 'ನಮಗೆ ಗಿಟ್ಟಲ್ಲ' ಅನ್ನೋ ಮಾತಿಗೆ ಎದುರು ಮಾತು ನಿಮ್ಮ ಕೈಲಿ ಇರ್ತದೆ. ಎರಡನೇದು, ನಾವೂ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಗೆ ಒಂದು ಹಾಳೆಯಲ್ಲಿ ನಮ್ಮ ಲೆಕ್ಕ ಬರೆಯೋಣ. ಕಂಪನಿ ತನ್ನ ಎಂ.ಡಿ. ಸಂಬಳ, ಮಿಷನ್ನಿನ ಸವಕಳಿ ಕಳೆದ ಮೇಲೆ ಲಾಭ ಅಂತದೆ. ನಾವು ಹೆಂಡ್ರು ಮಕ್ಕಳ ಕೂಲಿ, ಪಂಪ್‌ಸೆಟ್ ಸವಕಳಿ ಬಿಟ್ಟು ಲಾಭ ಅಂತೀವಿ. ಅದನ್ನೂ ಸೇರಿಸಿ ಬರೀರಿ. ಅಂಕಿ ನೋಡಿ ಬೇಜಾರಾಗಬಹುದು, ಆದ್ರೂ ಬರೀರಿ.

ಡಿಸೆಂಬರ್‌ಗೆ ಮುಗಿಯೋ ಮೂರು ತಿಂಗಳ ಲೆಕ್ಕ ಪ್ರತಿ ವರ್ಷ ಫೆಬ್ರವರಿ 14ರೊಳಗೆ ಬಂದಿರಬೇಕು. ನಾವು ಅರಿಶಿನ ಕಿತ್ತು, ಬೇಯಿಸಿ, ಒಣಗಿಸೋ ಕಾಲವೂ ಅದೇ. ಈರೋಡಿಗೆ ಲೋಡು ಕಳಿಸೋ ಮುಂಚೆ ಓದಿದ ಹುಡುಗ ಹುಡುಗಿ ಮನೇಲಿದ್ರೆ ಅವರ ಫೋನಲ್ಲಿ ತೆಗೆಸಿ ಒಂದ್ಸಲ ಓದಿಸ್ಕೊಳ್ಳಿ. ನಿಮಗೆ ಏನು ಕಂಡ್ತು ಅಂತ ಇಲ್ಲಿ ಬರೀರಿ, ಎಲ್ಲರಿಗೂ ಉಪಯೋಗ ಆಯ್ತದೆ.