ನಿಮ್ಮ ವಿಲನ್‌ಗೆ ಏನು ಬೇಕು? | ಕಾದಂಬರಿ ಬರೆಯೋಣ, ಭಾಗ 6

ನಿಮ್ಮ ಕಾದಂಬರಿಯ ವಿಲನ್ ಬೆಳಿಗ್ಗೆ ಎದ್ದ ತಕ್ಷಣ "ಇವತ್ತು ಯಾರ ಮನೆ ಹಾಳು ಮಾಡ್ಲಿ?" ಅಂತ ಯೋಚಿಸ್ತಾನಾ? ಹಾಗಿದ್ರೆ ನೀವು ಬರೆದಿರೋದು ಬೆದರುಬೊಂಬೆ. ಕಾಗೆ ಕೂಡ ನಾಲ್ಕು ದಿನ ಆದ್ಮೇಲೆ ಅದಕ್ಕೆ ಹೆದರಲ್ಲ.

ಇನ್ನೊಂದು ಸುಲಭದ ದಾರಿ ಇದೆ. ಅವನಿಗೊಂದು ಕಣ್ಣೀರಿನ ಬಾಲ್ಯ ಕೊಡೋದು. ಅಪ್ಪ ಹೊಡೀತಿದ್ದ, ಊರು ನಗ್ತಿತ್ತು, ಅದಕ್ಕೇ ಹೀಗಾದ. ನೇರವಾಗಿ ಹೇಳ್ತೀನಿ, ಇದು ಸಾಲದು. ಹಳೇ ಗಾಯ ಅವನು ಎಲ್ಲಿಂದ ಬಂದ ಅಂತ ಹೇಳುತ್ತೆ, ಎಲ್ಲಿಗೆ ಹೊರಟಿದ್ದಾನೆ ಅಂತ ಹೇಳಲ್ಲ. ಓದುಗರು ಪುಟ ತಿರುಗಿಸೋದು ಎರಡನೆಯದಕ್ಕೆ.

ನಮ್ಮಲ್ಲಿ ಇದನ್ನ 10ನೇ ಶತಮಾನದಲ್ಲೇ ರನ್ನ ಮಾಡಿ ತೋರಿಸಿದ್ದಾನೆ. 'ಗದಾಯುದ್ಧ'ದ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನೇ ಕವಿ ಆ ಭೀಮನಿಗೆ ಹೋಲಿಸಿದ್ದಾನೆ. ಆದ್ರೂ ಓದಿ ಮುಗಿಸಿದವರ ಮನಸ್ಸಲ್ಲಿ ಉಳಿಯೋದು ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೀತಾ ಕರ್ಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ ಅಳ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗ್ತಾನೆ. ಅಪ್ಪ-ಅಮ್ಮ ಸಂಧಿ ಮಾಡ್ಕೋ ಅಂತ ಬೇಡಿದ್ರೂ ಒಪ್ಪಲ್ಲ. ಯಾಕಂದ್ರೆ ಅವನಿಗೆ ಈಗ ಬೇಕಿರೋದು ನೆಲ ಅಲ್ಲ. ಅವನಿಗಾಗಿ ಸತ್ತವರೆಲ್ಲ ಹೋದ್ಮೇಲೆ ಅವನ ಕೈಯಲ್ಲಿ ಉಳಿದಿರೋದು ಛಲ ಒಂದೇ.

ಗಮನಿಸಿ: ರನ್ನ ಅವನ ತಪ್ಪನ್ನ ಮುಚ್ಚಿಡಲ್ಲ. ದ್ರೌಪದಿಯ ಅವಮಾನ ಅಲ್ಲೇ ಇದೆ. ಅದರ ಪಕ್ಕದಲ್ಲೇ ಅವನ ಸ್ನೇಹವನ್ನೂ ಇಡ್ತಾನೆ. ಎರಡೂ ನಿಜ.

ನಾಗಚಂದ್ರನ ರಾವಣನೂ ಹಾಗೇ. ಒಂದು ಹಂತದಲ್ಲಿ ಸೀತೆಯನ್ನ ವಾಪಸ್ ಕೊಡಬೇಕು ಅಂತ ಮನಸ್ಸು ತಿರುಗುತ್ತೆ. ಆದ್ರೆ ಈಗಲೇ ಕೊಟ್ರೆ ಹೆದರಿ ಕೊಟ್ಟ ಅಂತಾರಲ್ಲ! ಮೊದಲು ಯುದ್ಧ ಗೆದ್ದು, ಆಮೇಲೆ ಕೊಡ್ತೀನಿ ಅಂತ ಹೊರಡ್ತಾನೆ. ಒಳ್ಳೇ ನಿರ್ಧಾರವನ್ನ ಮರ್ಯಾದೆಗೆ ಅಂಜಿ ಮುಂದಕ್ಕೆ ಹಾಕಿ ಸಾಯ್ತಾನೆ. ನಾವ್ಯಾರೂ ಹೀಗೆ ಮಾಡಿಲ್ವಾ?

ಈಗ ನನ್ನ ಕಥೆ. ನನ್ನ ಮೊದಲ ಕಾದಂಬರಿಯ ವಿಲನ್ ನಮ್ಮ ದೊಡ್ಡಪ್ಪ. ಹೆಸರು ಬದಲಾಯಿಸಿದ್ದೆ, ಅಷ್ಟೇ. ಪಾಲಿನ ಸಮಯದಲ್ಲಿ ಅಪ್ಪನಿಗೆ ಮೋಸ ಮಾಡಿ ಅಡಿಕೆ ತೋಟ ಪೂರ್ತಿ ತನ್ನ ಹೆಸರಿಗೆ ಬರೆಸಿಕೊಂಡವರು. ದುರಾಸೆಯ ಮನುಷ್ಯ ಅಂತ ಇನ್ನೂರು ಪುಟ ಬರೆದೆ. ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದ್ಲು: "ಇಷ್ಟು ಆಸೆಬುರುಕ ಹರಿದ ಬನಿಯನ್ ಯಾಕೆ ಹಾಕ್ಕೊಂಡು ಓಡಾಡ್ತಾನೆ?"

ಬನಿಯನ್ ನೆನಪಿಂದ ಬಂದಿತ್ತು. ದುರಾಸೆ ನನ್ನ ಸಿಟ್ಟಿಂದ ಬಂದಿತ್ತು.

ಕೂತು ಯೋಚಿಸಿದೆ. ನಾಲ್ಕು ಪಾಲಾದ್ರೆ ತೋಟ ಉಳಿಯಲ್ಲ, ತಮ್ಮಂದಿರು ಮಾರ್ಕೊಂಡು ಪೇಟೆ ಸೇರ್ತಾರೆ ಅಂತ ಅವರಿಗೆ ಭಯ ಇತ್ತು. ತೋಟ ಉಳಿಸೋಕೆ ತಮ್ಮನನ್ನ ಕಳ್ಕೊಂಡ್ರು. ನಾನು ಅವರನ್ನ ಇವತ್ತಿಗೂ ಕ್ಷಮಿಸಿಲ್ಲ. ಆದ್ರೆ ಅದಾದ ಮೇಲೆ ಕಾದಂಬರಿ ತಾನಾಗೇ ನಡೀತು. ಅರ್ಥ ಮಾಡ್ಕೊಳ್ಳೋದು ಬೇರೆ, ಕ್ಷಮಿಸೋದು ಬೇರೆ. ಬರೆಯೋರಿಗೆ ಮೊದಲನೆಯದು ಸಾಕು.

ನಿಮ್ಮ ವಿಲನ್‌ಗೆ ಈ ಮೂರು ಪ್ರಶ್ನೆ ಕೇಳಿ 👇

1. ಅವನಿಗೆ ಏನು ಬೇಕು? "ಅಧಿಕಾರ" ಅಂತ ಬರೀಬೇಡಿ. ಯಾವ ಕುರ್ಚಿ, ಯಾವ ತೋಟ, ಯಾರ ಬಾಯಿಂದ ಯಾವ ಮಾತು?

2. ಅದಕ್ಕೆ ಅವನು ತನ್ನದೇ ಏನನ್ನ ಬಲಿ ಕೊಡ್ತಾನೆ? ಬೇರೆಯವರದ್ದನ್ನ ಮಾತ್ರ ಕಿತ್ಕೊಳ್ಳೋನು ಪುಡಿರೌಡಿ.

3. ಅವನು ಎಲ್ಲಿ ನಿಲ್ಲಿಸಬಹುದಿತ್ತು? ಯಾಕೆ ನಿಲ್ಲಿಸಲಿಲ್ಲ?

ಆಮೇಲೆ ಒಂದು ಪುಟ ಅವನ ಬಾಯಲ್ಲೇ, "ನಾನು" ಅಂತ ಬರೀರಿ. ತಾನು ಪ್ರೀತಿಸೋರ ಮುಂದೆ ಕೂತು ಅವನು ಸಮರ್ಥನೆ ಕೊಡ್ತಿದ್ದಾನೆ. ಬರೀತಾ ಬರೀತಾ ಒಂದು ಕ್ಷಣ "ಹೌದಲ್ವಾ" ಅಂತ ನಿಮಗೇ ಅನ್ನಿಸಿ ಇರುಸುಮುರುಸಾದ್ರೆ, ವಿಲನ್ ಸಿಕ್ಕಿದ ಅಂತ ಅರ್ಥ.

ನಿಮ್ಮ ವಿಲನ್‌ಗೆ ಏನು ಬೇಕು? ಒಂದೇ ಸಾಲಲ್ಲಿ ಕಾಮೆಂಟ್ ಮಾಡಿ. ಎಲ್ಲಾ ಓದ್ತೀನಿ.

ಮುಂದಿನ ಭಾಗ: ಸಂಭಾಷಣೆ.

#ಕಾದಂಬರಿಬರೆಯೋಣ #ಕನ್ನಡಬರಹ #ರನ್ನ